ಜಂಗು ಗೆಲ್ಲುವ ಸೂತ್ರಗಳು: ಮನೆಯಂಗಳದಲ್ಲೇ ಹಳೆ ಕಾರಿಗೆ ಹೊಸ ಮೈ

ಖಾನಾಪುರದ ನಮ್ಮ ಹಳೆ ಮನೆಯ ಅಂಗಳದಲ್ಲಿ ಅಪ್ಪನ ಮಾರುತಿ 800 ಮೂರು ಮಳೆಗಾಲ ತಾಡಪತ್ರಿಯ ಕೆಳಗೆ ನಿಂತಿತ್ತು. ಖಂಡೇನವಮಿಗೆ ತೊಳೆದು ಪೂಜೆ ಮಾಡೋಣ ಎಂದು ತಾಡಪತ್ರಿ ಎಳೆದೆ. ಎಡಗಡೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಮ್ಯಾಟು ಕುಸಿಯಿತು. ಎತ್ತಿ ನೋಡಿದರೆ ಕೆಳಗೆ ಪತ್ರಾ ಇಲ್ಲ, ಅಂಗಳದ ಕೆಮ್ಮಣ್ಣು ಕಾಣುತ್ತಿತ್ತು. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇತ್ತು.

ಆ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ದೊಡ್ಡ ನಗರಗಳಲ್ಲಿ 2010ಕ್ಕೇ ಮಾರಾಟ ನಿಂತರೂ ನಮ್ಮಂಥ ಊರುಗಳಲ್ಲಿ ಮುಂದುವರಿದಿತ್ತು. ಹೀಗಾಗಿ ಬೆಳಗಾವಿ ಸುತ್ತಿನ ಅಂಗಳಗಳಲ್ಲಿ ಇಂಥ ಕಾರುಗಳು ಇನ್ನೂ ಇವೆ. ಜೊತೆಗೆ ಪದ್ಮಿನಿ, ಅಂಬಾಸಿಡರ್, ಜೀಪು, ಓಮ್ನಿ. ಎರಡು ಚಳಿಗಾಲ ಕೂತು ಆ 800ರ ನೆಲ, ಬಾಗಿಲ ತಳ, ಹಿಂಗಾಲಿಯ ಕಮಾನು ದುರಸ್ತಿ ಮಾಡಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಗ್ರೈಂಡರ್ ಹಿಡಿಯುವ ಮೊದಲು ಆರ್‌ಸಿ ತೆಗೆದು ನೋಡಿ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ಒಂದು ಸಲಕ್ಕೆ 5 ವರ್ಷದಂತೆ ನವೀಕರಿಸಬೇಕು. ಕಾಗದ ಸತ್ತ ಕಾರಿಗೆ ಮೈ ಕಟ್ಟಿ ಉಪಯೋಗವಿಲ್ಲ. ಚಾಸಿ ನಂಬರ್ ಎಲ್ಲಿ ಕೊರೆದಿದೆ ಎಂದು ಹುಡುಕಿ, ಫೋಟೊ ತೆಗೆದು, ಅದರ ಮೇಲೆ ಟೇಪು ಅಂಟಿಸಿ. ಆ ಅಂಕಿಗಳ ಹತ್ತಿರ ಗ್ರೈಂಡರ್ ಹೋಗಲೇಬಾರದು. ಅವು ಅಳಿಸಿದರೆ ಕಾರು ನಿಮ್ಮದೆಂದು ಹೇಳಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

2. ಋತು ನೋಡಿ ಕೆಲಸಕ್ಕೆ ಇಳಿಯಿರಿ. ದೀಪಾವಳಿ ಮುಗಿದ ಮೇಲೆ ಆರಂಭಿಸಿ, ಹೋಳಿಹುಣ್ಣಿಮೆಯೊಳಗೆ ಬಣ್ಣ ಮುಗಿಸಿ. ಬೆಳಗಾವಿಯಲ್ಲೇ ಜೂನ್ ನಂತರ ಗೋಡೆ ಬೆವರುತ್ತದೆ. ಖಾನಾಪುರ ಅಲ್ಲಿಂದ 26 ಕಿ.ಮೀ. ಅಷ್ಟೇ, ಆದರೆ ಮಳೆಯ ಲೆಕ್ಕದಲ್ಲಿ ಬೇರೆಯದೇ ಸೀಮೆ. ಇನ್ನೂ ಪಶ್ಚಿಮಕ್ಕೆ, ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದರೆ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಅಂಥ ಹವೆಯಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಪತ್ರಾ ಒಂದೇ ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಹೊಡೆದ ಬಣ್ಣ ಹಾಲು ಚೆಲ್ಲಿದಂತೆ ಬಿಳಿಚುತ್ತದೆ.

3. ಒಬ್ಬ ಗುರುವನ್ನು ಹುಡುಕಿ. ವಿಡಿಯೊ ನೋಡಿ ಅರ್ಧ ಕಲಿಯಬಹುದು, ಉಳಿದರ್ಧ ಕೈಯಿಂದ ಕೈಗೇ ಬರಬೇಕು. ಬೆಳಗಾವಿಯಲ್ಲಿ ಗ್ಯಾಸ್ ಬತ್ತಿ, ಸುತ್ತಿಗೆ, ಪತ್ರಾದ ಹಿಂದೆ ಆನಿಸಿ ಹಿಡಿಯುವ ಡಾಲಿ ಇಷ್ಟರಲ್ಲೇ ಇಡೀ ಮಡ್‌ಗಾರ್ಡ್ ಎಬ್ಬಿಸಬಲ್ಲ ಹಿರಿಯ ಡೆಂಟರುಗಳು ಈಗಲೂ ಇದ್ದಾರೆ. ಹೊಸ ಕಾರುಗಳಿಗೆ ಪೆಟ್ಟು ಬಿದ್ದರೆ ಭಾಗವನ್ನೇ ಬದಲಿಸುವ ಕಾಲ ಇದು. ಇವರ ಕೈಕೆಲಸಕ್ಕೆ ಗಿರಾಕಿ ಕಡಿಮೆಯಾಗಿದೆ, ಕಲಿಯುವ ಹುಡುಗರು ಅದಕ್ಕಿಂತ ಕಡಿಮೆ. ಒಂದು ದಿನದ ಪೂರ್ತಿ ಕೂಲಿ ಕೊಟ್ಟು ಮನೆಗೆ ಕರೆಸಿ, ಪಕ್ಕದಲ್ಲಿ ನಿಂತು ಕಲಿಯಿರಿ. ನನಗೆ ಕಲಿಸಿದ ಚಾಚಾ ಕಾರನ್ನು ಒಂದು ಸುತ್ತು ಹಾಕಿ, ಹಿಂಗಾಲಿಯ ಮೇಲಿನ ಬಟಾಣಿ ಗಾತ್ರದ ಗುಳ್ಳೆಯ ಮೇಲೆ ಬೆರಳಿಟ್ಟು ಅಂದರು: “ತಮ್ಮಾ, ಜಂಗ ಅನ್ನೂದು ಗೆದ್ದಲ ಇದ್ದಂಗ. ಹೊರಗ ಒಂದು ಗುಳ್ಳಿ ಕಂಡ್ರ ಒಳಗ ಮನಿ ಕಟ್ಟೇತಿ ಅಂತ ತಿಳ್ಕೊ.” ಸ್ಕ್ರೂಡ್ರೈವರ್ ಒತ್ತಿದರು. ಹಿಡಿಕೆಯವರೆಗೆ ಒಳಗೆ ಹೋಯಿತು.

4. ಬಡಿದು ಕೇಳಿ, ಚುಚ್ಚಿ ನೋಡಿ. ಖಾನಾಪುರದ ಕುಂಬಾರರು ಗಡಿಗೆಯನ್ನು ಬೆರಳಿನಿಂದ ಬಡಿದು ಬಿರುಕು ಪತ್ತೆ ಹಚ್ಚುವಂತೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಕಾರಿನ ಮೈಯೆಲ್ಲ ಬಡಿಯಿರಿ. ಗಟ್ಟಿ ಪತ್ರಾ ‘ಠಣ್’ ಎನ್ನುತ್ತದೆ, ತಿಂದ ಪತ್ರಾ ‘ದಬ್’ ಎನ್ನುತ್ತದೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಆಡಿಸಿ. ಹಿಡಿಯದ ಕಡೆ ಹಿಂದೆ ಯಾರೋ ಪುಟ್ಟಿ ತುಂಬಿದ್ದಾರೆಂದು ತಿಳಿಯಿರಿ. 800ರಲ್ಲಿ ಮುಖ್ಯವಾಗಿ ಕಾಲಿಡುವ ನೆಲ, ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ಸ್ಟೆಪ್ನಿ ಇಡುವ ಗುಂಡಿ, ಹಿಂಗಾಲಿಯ ಕಮಾನು ನೋಡಿ. ಎಲ್ಲಿ ಚುಚ್ಚಿದರೆ ತೂತು ಬಿತ್ತೋ ಅಲ್ಲಿ ಸೀಮೆಸುಣ್ಣದಿಂದ ಗುಂಡು ಗುರುತು ಹಾಕಿ. ನನ್ನ ಕಾರಿಗೆ ಹನ್ನೊಂದು ಗುರುತು ಬಿದ್ದವು.

5. ಪತ್ರಾ ಹಚ್ಚುವ ಮೊದಲು ನೀರಿನ ದಾರಿ ಹಿಡಿಯಿರಿ. ನನ್ನ ಲೆಕ್ಕದಲ್ಲಿ ಗೆಲುವಿನ ಮುಕ್ಕಾಲು ಪಾಲು ಈ ಒಂದು ಸೂತ್ರದಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಕಾರಿನ ಎಡಗಡೆಯ ನೆಲಕ್ಕೆ ಹಿಂದೆ ಎರಡು ಸಲ ತೇಪೆ ಬಿದ್ದಿತ್ತು. ಎರಡೂ ತೇಪೆಗಳನ್ನು ಜಂಗು ತಿಂದುಹಾಕಿತ್ತು. ಕಾರಣ ನೆಲದಲ್ಲಿರಲಿಲ್ಲ. ಮನೆಯವಳು ಹೊರಗಿನಿಂದ ಮುಂದಿನ ಗಾಜಿಗೆ ಪೈಪಿನಲ್ಲಿ ನೀರು ಬಿಟ್ಟಳು, ನಾನು ಒಳಗೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದೆ. ಎರಡು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಗಾಜಿನ ರಬ್ಬರಿನ ಕೆಳಮೂಲೆಯಿಂದ ಒಂದು ಹನಿ ಮೂಡಿತು. ಅದು ವಯರಿನ ಕಟ್ಟು ಹಿಡಿದು ನಿಧಾನಕ್ಕೆ ಕೆಳಗಿಳಿದು ಕಾರ್ಪೆಟ್ಟಿನ ಅಡಿಯ ಡಾಂಬರು ಪಟ್ಟಿಯೊಳಗೆ ನುಸುಳಿತು. ಪ್ರತಿ ಮಳೆಗೆ ಇಷ್ಟೇ, ಕೆಲವೇ ಹನಿ. ಆ ಪಟ್ಟಿ ಅದನ್ನು ಹೀರಿಕೊಂಡು ಸಂಕ್ರಾಂತಿಯವರೆಗೂ ಹಸಿಯಾಗಿಯೇ ಇಟ್ಟಿರುತ್ತಿತ್ತು. ಗಾಜಿನ ರಬ್ಬರು ಬದಲಿಸಿದ ಮೇಲೆಯೇ ನೆಲಕ್ಕೆ ಕೈ ಹಾಕಿದೆ.

ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗಲು ಕಂಪನಿಯೇ ತೂತು ಬಿಟ್ಟಿರುತ್ತದೆ. ಅವು ಮಣ್ಣು, ಎಲೆಪುಡಿಯಿಂದ ಮುಚ್ಚಿದರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ಬಾನೆಟ್ಟಿನ ಹಿಂದೆ ವೈಪರ್ ಕೆಳಗಿನ ಕಾಲುವೆಯೂ ಹಾಗೆಯೇ. ಮಾವು, ಹಲಸಿನ ಕೆಳಗೆ ನಿಲ್ಲುವ ಕಾರಿನಲ್ಲಿ ಅಲ್ಲಿ ಗೊಬ್ಬರವೇ ತಯಾರಾಗಿರುತ್ತದೆ. ಇನ್ನು ಗಾಲಿ ಕಮಾನಿನ ಒಳಮಡಿಕೆಗೆ ಬೆರಳು ಹಾಕಿ ನೋಡಿ. ನನಗೆ ಸಿಕ್ಕಿದ್ದು ಮುಷ್ಟಿಗಟ್ಟಲೆ ಕೆಮ್ಮಣ್ಣು. ಮೇಲೆ ಒಣಗಿ ಇಟ್ಟಿಗೆಯಾಗಿತ್ತು, ಒಡೆದರೆ ಒಳಗೆ ತಂಪು. ಪತ್ರಾ ಕೊಳೆತದ್ದು ಅದಕ್ಕೇ.

ತಾಡಪತ್ರಿಯೂ ಶತ್ರುವೇ. ಮೇಲಿನ ಮಳೆ ತಡೆಯುತ್ತದೆ ನಿಜ, ನೆಲದಿಂದ ಏಳುವ ಹಬೆಯನ್ನು ಹೊರಗೆ ಬಿಡುವುದಿಲ್ಲ. ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿಸಿ, ಗಾಳಿ ಆಡಲಿ.

6. ನಿಮ್ಮ ಕೈಮಿತಿ ಎಲ್ಲಿ ಎಂದು ಮೊದಲೇ ಗೆರೆ ಎಳೆಯಿರಿ. ಜೀಪಿಗೆ ಕೆಳಗೆ ಬೇರೆ ಚಾಸಿ ಇದೆ, ಮೈ ಮೇಲೆ ಕೂತಿದೆ. ಮಾರುತಿ, ಪದ್ಮಿನಿ, ಅಂಬಾಸಿಡರ್ ಹಾಗಲ್ಲ. ಅವುಗಳ ಮೈಯೇ ಎಲುಬು. ಬಾಗಿಲ ಕೆಳಗಿನ ಪಟ್ಟಿಯನ್ನು ಪೂರ್ತಿ ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗಬಹುದು, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಮುಟ್ಟಿ. ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಪಟ್ಟಿ ಟಾಕಾ ಹಾಕಿಸಿ, ಆಗಾಗ ಬಾಗಿಲು ಹಾಕಿ ಸಂದು ನೋಡುತ್ತಿರಿ. ಸಸ್ಪೆನ್ಶನ್ ಕೂರುವ ಜಾಗ, ಸ್ಟಿಯರಿಂಗ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟು ಹಿಡಿಯುವ ಜಾಗ ಕೊಳೆತಿದ್ದರೆ ಮನೆಯಲ್ಲಿ ಕಲಿಯಲು ಹೋಗಬೇಡಿ. ಅಲ್ಲಿ ಪಳಗಿದ ಕೈಯೇ ಬೇಕು. ಒಂದು ಕಳಪೆ ವೆಲ್ಡಿಂಗು ಚೋರ್ಲಾ ಘಾಟಿನ ತಿರುವಿನಲ್ಲಿ ಬಿಟ್ಟುಕೊಂಡರೆ ಹೋಗುವುದು ಮನೆಮಂದಿಯ ಜೀವ.

7. ಇಟ್ಟಿಗೆಯ ಮೇಲೆ ಕಾರು ನಿಲ್ಲಿಸಬೇಡಿ. ಖಾನಾಪುರದಲ್ಲಿ ಇಟ್ಟಿಗೆ, ಹೆಂಚಿಗೆ ಬರವಿಲ್ಲ, ಕೈಗೆ ಮೊದಲು ಸಿಗುವುದೂ ಅದೇ. ಇಟ್ಟಿಗೆ ಸದ್ದಿಲ್ಲದೆ ಒಮ್ಮೆಲೇ ಪುಡಿಯಾಗುತ್ತದೆ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ನಾಲ್ಕು ಗಟ್ಟಿ ಸ್ಟ್ಯಾಂಡು ಕೊಳ್ಳಿ, ಇಲ್ಲವೇ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ.

8. ಬೆಂಕಿಯನ್ನು ಮೊದಲೇ ಎದುರಿಸಿ. ಬ್ಯಾಟರಿ ಬಿಚ್ಚಿ ದೂರ ಇಡಿ. ಕಾರ್ಪೆಟ್, ಸೀಟು, ಡಾಂಬರು ಪಟ್ಟಿ ತೆಗೆಯಿರಿ. ನೆಲದ ಕೆಳಗೇ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹೋಗಿರುತ್ತವೆ, ಬಗ್ಗಿ ನೋಡದೆ ವೆಲ್ಡಿಂಗ್ ಚಾಲೂ ಮಾಡಬೇಡಿ. ಹಿಂಭಾಗದ ಕೆಲಸವಿದ್ದರೆ ಪೆಟ್ರೋಲ್ ಟ್ಯಾಂಕನ್ನೇ ಇಳಿಸಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಉಳಿಯುವುದು ಪೆಟ್ರೋಲಿನ ಹಬೆ. ತೂತುಬಿದ್ದ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಲೇಬೇಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರು, ಒಂದು ಬಕೆಟ್ ಮರಳು, ಮತ್ತು ಎಚ್ಚರವಾಗಿರುವ ಇನ್ನೊಬ್ಬ ಮನುಷ್ಯ. ಕೆಲಸ ಮುಗಿದ ಮೇಲೂ ಅರ್ಧ ತಾಸು ಅಲ್ಲೇ ಕೂತು ಚಹಾ ಕುಡಿಯಿರಿ, ಹೊಗೆ ಎಲ್ಲಿಂದ ಏಳುತ್ತದೆ ಎಂದು ಗೊತ್ತಾಗುವುದು ಆಗಲೇ.

9. ಬಿಚ್ಚಿದ್ದನ್ನು ಬರೆದಿಡಿ. ಕುಂದಾದ ಖಾಲಿ ಡಬ್ಬಿಗಳು ನಮ್ಮೂರ ಮನೆಗಳಲ್ಲಿ ಎಷ್ಟಾದರೂ ಸಿಗುತ್ತವೆ. ಒಂದೊಂದು ಬಾಗಿಲಿನ ಸ್ಕ್ರೂ, ಕ್ಲಿಪ್ಪು ಒಂದೊಂದು ಡಬ್ಬಿಗೆ, ಮೇಲೆ ಚೀಟಿ. ಬಿಚ್ಚುವ ಮೊದಲು ಫೋಟೊ.

10. ಪತ್ರಾ ಆರಿಸುವಾಗ ವರ್ನಿಯರ್ ಜೇಬಿನಲ್ಲಿರಲಿ. ಕಾರಿನಿಂದ ಕತ್ತರಿಸಿದ ಗಟ್ಟಿ ತುಂಡನ್ನು ಅಳೆದು ಅದೇ ದಪ್ಪದ್ದು ತನ್ನಿ. ಸಾಮಾನ್ಯವಾಗಿ ಹೊರಮೈಗೆ 22 ಗೇಜು, ನೆಲಕ್ಕೆ 20 ಗೇಜಿನ ಸಿಆರ್ ಶೀಟು ಹೊಂದುತ್ತದೆ. 22 ಗೇಜು ಅಂದರೆ ಮಿಲಿಮೀಟರಿನ ಮುಕ್ಕಾಲು ಪಾಲು, 20 ಗೇಜು ಅಂದರೆ 0.9ರ ಆಸುಪಾಸು. ಎಣ್ಣೆ ಡಬ್ಬಿ ಬಿಡಿಸಿ ರಿವಿಟ್ ಹೊಡೆಯುವ ಹಳೆ ಪದ್ಧತಿ ಬಿಡಿ, ಎರಡು ಪತ್ರಾಗಳ ನಡುವೆ ನೀರು ಕೂತು ಎರಡನ್ನೂ ತಿನ್ನುತ್ತದೆ. ಮನೆಗೆ ಹೊದಿಸುವ ಸತುವಿನ ತಗಡೂ ಬೇಡ. ವೆಲ್ಡಿಂಗ್ ಮಾಡಿದರೆ ಸತುವಿನ ಬಿಳಿ ಹೊಗೆ ಏಳುತ್ತದೆ, ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ.

ಬೆಳಗಾವಿಯ ಉದ್ಯಮಬಾಗ ಕೈಗೆಟಕುವ ದೂರದಲ್ಲಿರುವುದು ನಮ್ಮ ಭಾಗ್ಯ. ಫೌಂಡ್ರಿ, ಲೇತು, ಶೀಟ್ ಕೆಲಸಗಳ ಸಾಲೇ ಅಲ್ಲಿದೆ. ಬಾಗಿಲ ಕೆಳಗಿನ ಪಟ್ಟಿಯಂಥ ಉದ್ದದ ಮಡಿಕೆಯನ್ನು ಮನೆಯಲ್ಲಿ ಸುತ್ತಿಗೆಯಿಂದ ಬಡಿದು ಡೊಂಕು ಮಾಡಿಕೊಳ್ಳುವ ಬದಲು ರಟ್ಟಿನ ಅಳತೆ ಒಯ್ದು ಬೆಂಡಿಂಗ್ ಮಾಡಿಸಿ. ಒಂದು ತುಂಡಿನ ಕೆಲಸ ಎಂದು ಕೇಳಲು ಸಂಕೋಚ ಬೇಡ, ಬಿಡುವಿನ ಹೊತ್ತು ನೋಡಿ ಹೋಗಿ.

11. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ. ತೂತಿನ ಅಂಚು ಕಾಣುವಷ್ಟೇ ಕತ್ತರಿಸಿದರೆ ತೆಳ್ಳಗಾದ ಪತ್ರಾಕ್ಕೆ ವೆಲ್ಡಿಂಗ್ ತಾಗಿದೊಡನೆ ಕರಗಿ ತೂತು ದೊಡ್ಡದಾಗುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ಸುತ್ತ ಒಂದು ಇಂಚು ಹೆಚ್ಚು ತೆಗೆಯಿರಿ. ನನಗೆ ಅಂಗೈಯಗಲ ಎಂದು ಕಂಡ ತೂತು ಕೊನೆಗೆ ಊಟದ ತಾಟಿನಷ್ಟಾಯಿತು. ಎದೆಗುಂದಬೇಡಿ, ಅದೇ ಸರಿಯಾದ ಗಾತ್ರ.

ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ಪತ್ರಾದ ಮೇಲೆ ಗೆರೆ ಎಳೆಯಿರಿ. ತೇಪೆಯ ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ. ಹೊರಮೈಯಲ್ಲಿ ತೇಪೆಯನ್ನು ಮೇಲೆ ಹೊದಿಸದೆ ಅಂಚಿಗೆ ಅಂಚು ಕೂಡಿಸಿ.

12. ವೆಲ್ಡಿಂಗಿನಲ್ಲಿ ಅವಸರವೇ ಸೋಲು. ಗ್ಯಾಸ್ ಬತ್ತಿ ಚಾಚಾನ ಕೈಯಲ್ಲಿ ಹೂವಿನಂತೆ ಆಡುತ್ತದೆ, ಕಲಿಯುವವರ ಕೈಯಲ್ಲಿ ಇಡೀ ಪತ್ರಾ ಕಾದು ಹಪ್ಪಳವಾಗುತ್ತದೆ. ಮನೆಗೆ ಸಿಒಟು ವೆಲ್ಡಿಂಗ್ ಮಶೀನೇ ಲೇಸು, 0.8 ಮಿ.ಮೀ. ವಯರು ಸಾಕು. ಬಾಡಿಗೆಗೆ ಸಿಕ್ಕರೆ ತನ್ನಿ. ಉದ್ದಕ್ಕೆ ಗೆರೆ ಎಳೆದಂತೆ ಬೆಸೆಯಬಾರದು. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಎದುರು ಬದಿಗೆ, ಮತ್ತೊಂದು ಮೂಲೆಗೆ. ರಂಗೋಲಿಯ ಚುಕ್ಕಿ ಇಟ್ಟಂತೆ ದೂರದೂರ ಇಟ್ಟು, ಕೈ ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವಿನ ಜಾಗ ತುಂಬಿ. ವೆಲ್ಡಿಂಗಿನ ಕಪ್ಪು ಗಾಜಿನ ಮುಖವಾಡ, ಚರ್ಮದ ಕೈಗವಸು, ಹತ್ತಿಬಟ್ಟೆ ಇಲ್ಲದೆ ಶುರು ಮಾಡಬೇಡಿ. ಗ್ರೈಂಡರಿನ ಗಾರ್ಡ್ ಬಿಚ್ಚಿ ಕೆಲಸ ಮಾಡುವುದನ್ನು ಎಲ್ಲ ಕಡೆ ನೋಡುತ್ತೇವೆ, ಡಿಸ್ಕ್ ಒಡೆದರೆ ಮೊದಲು ಹಾರುವುದು ಮುಖಕ್ಕೆ.

13. ಸಣ್ಣ ಸಾಮಾನಿಗೆ ಸಕ್ಕರೆ ಸೀಮೆಯ ಮದ್ದಿದೆ. ಬಾಗಿಲ ಹಿಂಜು, ಬೋಲ್ಟು, ಬ್ರಾಕೆಟ್ಟುಗಳ ಜಂಗು ಬಿಡಿಸಲು ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮುಳುಗಿಸಿಡಿ. ಒಂದೆರಡು ವಾರ ಬೇಕು, ವಾಸನೆಯೂ ಬರುತ್ತದೆ. ಆದರೆ ಗಟ್ಟಿ ಕಬ್ಬಿಣಕ್ಕೆ ಪೆಟ್ಟಾಗದೆ ಜಂಗಷ್ಟೇ ಕಳಚುತ್ತದೆ. ತೆಗೆದ ಕೂಡಲೇ ತೊಳೆದು, ಬಿಸಿಲಿಗಿಟ್ಟು, ಎಣ್ಣೆ ಹಚ್ಚಿ. ಕಾರಿನ ಮೈಗೆ ಈ ಉಪಾಯ ಆಗದು. ಅಲ್ಲಿ ತಂತಿ ಬ್ರಶ್ಶಿನಿಂದ ಉಜ್ಜಿ, ಕುಳಿಗಳಲ್ಲಿ ಉಳಿದ ಜಂಗಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ. ಪದರ ಪದರವಾಗಿ ಏಳುವ ಜಂಗಿಗೆ ಯಾವ ದ್ರಾವಣವೂ ಮದ್ದಲ್ಲ, ಅದನ್ನು ಕತ್ತರಿಸಲೇಬೇಕು.

14. ಬೆಳ್ಳಗಾದ ಪತ್ರಾಕ್ಕೆ ಅದೇ ದಿನ ಪ್ರೈಮರ್. ಉಜ್ಜಿದ ಮೇಲೆ ಬರಿಗೈಯಿಂದ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು. ಥಿನ್ನರ್ ಬಟ್ಟೆಯಿಂದ ಒರೆಸಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಕೊನೆಯ ಬಣ್ಣ ಬಳಿಯುವ ಮುನ್ನ ಹೊಡೆಯುವ ಬೂದು ಸರ್ಫೇಸರ್ ನೀರು ಹೀರುತ್ತದೆ, ಅದನ್ನೇ ನಂಬಿ ಮಳೆಗೆ ಬಿಡಬೇಡಿ. ಪುಟ್ಟಿ ಎಪಾಕ್ಸಿಯ ಮೇಲೆ ಬರಲಿ, 3 ಮಿ.ಮೀ.ಗಿಂತ ದಪ್ಪ ಬೇಡ. ದಪ್ಪ ಬೇಕೆನಿಸಿದರೆ ಪತ್ರಾ ಇನ್ನೂ ಸಮವಾಗಿಲ್ಲ ಎಂದರ್ಥ. ಮತ್ತೆ ಸುತ್ತಿಗೆ, ಡಾಲಿ ಹಿಡಿಯಿರಿ. ಪುಟ್ಟಿಯನ್ನು ನೀರು ಹಾಕಿ ತಿಕ್ಕದೆ ಒಣಗಿದ್ದಾಗಲೇ 80, 180 ನಂಬರಿನ ಕಾಗದದಿಂದ ತಿಕ್ಕಿ. ಮುಗಿದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ಗೊತ್ತಾಗುತ್ತದೆ.

15. ಕೊನೆಯ ಬಣ್ಣವನ್ನು ಬೂತ್ ಇರುವವರಿಗೆ ಬಿಡಿ. ಇದು ನನ್ನ ಖಚಿತ ಅಭಿಪ್ರಾಯ. ಹಾರ್ಡ್‌ನರ್ ಬೆರೆಸುವ ಪಿಯು ಬಣ್ಣದಲ್ಲಿ ಐಸೊಸೈನೇಟ್ ಇದೆ. ಮೂಗಿಗೆ ಕಟ್ಟಿದ ಕರವಸ್ತ್ರ, ಸಾದಾ ಮಾಸ್ಕು ಅದನ್ನು ತಡೆಯುವುದಿಲ್ಲ, ಆಸ್ತಮಾ ಹತ್ತಿದರೆ ಮತ್ತೆ ಬಿಡುವುದಿಲ್ಲ. ಮಕ್ಕಳು, ಮುದುಕರು ಇರುವ ಮನೆಯ ಅಂಗಳದಲ್ಲಿ ಅದನ್ನು ಹೊಡೆಯಬಾರದು. ಪ್ರೈಮರಿನವರೆಗಿನ ಕೆಲಸ ನಿಮ್ಮದಾಗಿರಲಿ, ಅದನ್ನೂ ಮಾಸ್ಕ್ ಹಾಕಿ ಬಯಲು ಗಾಳಿಯಲ್ಲಿ ಮಾಡಿ.

16. ಚಂದಕ್ಕೆ ಮೈ ಬದಲಿಸುವ ಆಸೆಯಿದ್ದರೆ ಕಾನೂನು ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಚಾವಣಿ ಕತ್ತರಿಸಿ ಓಪನ್ ಕಾರು ಮಾಡುವುದು, ಚಾಸಿ ಉದ್ದ ಮಾಡುವುದು ಬೇಡ. ಬಣ್ಣ ಬದಲಿಸುವುದಿದ್ದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಿ. 50 ವರ್ಷ ದಾಟಿದ ಮೂಲ ರೂಪದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ದೊಡ್ಡ ಬದಲಾವಣೆ ಮಾಡಿದ್ದರೆ ಆ ಬಾಗಿಲೂ ಮುಚ್ಚುತ್ತದೆ. ಅಜ್ಜನ ಕಾಲದ ಫಿಯೆಟ್ ಮನೆಯಲ್ಲಿದ್ದರೆ ಅದನ್ನು ಇದ್ದ ಹಾಗೆಯೇ ಉಳಿಸುವುದು ಹೆಚ್ಚಿನ ಕೆಲಸ, ಹೆಚ್ಚಿನ ಗೌರವ.

17. ಒಳಗಿನ ಟೊಳ್ಳುಗಳಿಗೆ ಮೇಣ ತುಂಬಿಸಿ. ಹೊರಗೆ ಎಷ್ಟೇ ಬಣ್ಣ ಬಳಿದರೂ ಬಾಗಿಲ ಪಟ್ಟಿಯ ಒಳಮೈ ಬೆತ್ತಲೆಯೇ, ವೆಲ್ಡಿಂಗಿನ ಬಿಸಿಗೆ ಅಲ್ಲಿದ್ದ ಹಳೆ ಬಣ್ಣವೂ ಸುಟ್ಟಿರುತ್ತದೆ. ಟೊಳ್ಳಿಗೆ ಹೊಡೆಯುವ ಮೇಣದ ಸ್ಪ್ರೇ ಸಿಗುತ್ತದೆ, ಉದ್ದ ನಳಿಗೆ ಹಾಕಿ ಒಳಗೆಲ್ಲ ಹೊಡೆಯಿರಿ. ಬಣ್ಣದ ಕೆಲಸ ಪೂರ್ತಿ ಮುಗಿದ ಮೇಲೆ, ಒಣ ದಿನ ನೋಡಿ. ನೀರು ಹೋಗುವ ತೂತುಗಳನ್ನು ಆಮೇಲೆ ತಂತಿಯಿಂದ ಬಿಡಿಸಿ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಅದು ರಬ್ಬರ್ ಬುಶ್ಶುಗಳನ್ನು ಕೆಡಿಸುತ್ತದೆ, ಅಂಗಳದ ಮಣ್ಣನ್ನೂ. ಜಂಗಿನ ಮೇಲೆಯೇ ಕಪ್ಪು ಅಂಡರ್‌ಕೋಟಿಂಗ್ ಹೊಡೆಸುವುದಂತೂ ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ.

18. ಗೋವಾದಿಂದ ಬಂದ ಮರುದಿನ ಕಾರಿನ ಹೊಟ್ಟೆ ತೊಳೆಯಿರಿ. ನಮ್ಮವರಿಗೆ ಸಮುದ್ರ ಒಂದು ಘಾಟಿ ಇಳಿದರೆ ಸಿಗುತ್ತದೆ. ಮರಳು, ಉಪ್ಪು ಗಾಲಿ ಕಮಾನಿನಲ್ಲಿ ಕೂತು ಮನೆಗೂ ಬರುತ್ತವೆ. ಸಿಹಿನೀರನ್ನು ಕೆಳಗಿನಿಂದ ಮೇಲಕ್ಕೆ ಹೊಡೆದು ತೊಳೆದು, ಬಿಸಿಲಿಗೆ ಬಾಗಿಲು ತೆರೆದಿಡಿ.

ನಮ್ಮ 800 ಆರ್‌ಟಿಒ ತಪಾಸಣೆ ದಾಟಿ ಮತ್ತೆ 5 ವರ್ಷದ ನೋಂದಣಿ ಪಡೆಯಿತು. ಆಮೇಲೆ ಎರಡು ಮಳೆಗಾಲ ಕಂಡಿದೆ. ಪ್ರತಿ ಸಲ ಮಳೆ ಹಿಂದೆ ಸರಿದ ಮೊದಲ ಭಾನುವಾರ ಎಡಗಡೆಯ ಮ್ಯಾಟ್ ಎತ್ತಿ ನೆಲಕ್ಕೆ ಅಂಗೈ ಒತ್ತಿ ನೋಡುತ್ತೇನೆ, ಈವರೆಗೆ ಒಣಗಿಯೇ ಇದೆ. ನಿಮ್ಮ ಮನೆಯಲ್ಲೂ ಹಳೆ ಕಾರಿದ್ದರೆ ಮುಂದಿನ ಭಾನುವಾರಕ್ಕೂ ಕಾಯಬೇಡಿ. ಈ ಸಂಜೆಯೇ ಹೋಗಿ ಮ್ಯಾಟ್ ಎತ್ತಿ ನೋಡಿ.